ನಮ್ಮ ಸಂಘ–ಸಂಸ್ಥೆಗಳನ್ನೂ ಒಮ್ಮೆ ಎಣಿಸಿ: ರಾಜ್ಯ ಸರ್ಕಾರಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಕಾರ್ಯದರ್ಶಿಗಳು, ಕರ್ನಾಟಕ ಸರ್ಕಾರ,
ಹಾಗೂ ಸಹಕಾರ ಇಲಾಖೆ, ಯೋಜನೆ ಮತ್ತು ಸಾಂಖ್ಯಿಕ ಇಲಾಖೆಯ ಹಿರಿಯ ಅಧಿಕಾರಿಗಳು

ಮಾನ್ಯರೇ,

ನಾನು ಉತ್ತರ ಕರ್ನಾಟಕದ ಒಂದು ತಾಲೂಕು ಊರಿನವಳು. ಮಹಿಳಾ ಮಂಡಳದ ಕಾರ್ಯದರ್ಶಿಯಾಗಿ ಕೆಲಸ ಶುರು ಮಾಡಿದೆ. ಈಗ ಸುತ್ತಮುತ್ತಲಿನ ಹತ್ತಾರು ಸಣ್ಣ ಸಂಘಗಳ ಲೆಕ್ಕವನ್ನೂ ಬರೆದುಕೊಡುತ್ತೇನೆ. ಮಾರ್ಚ್ 31 ಹತ್ತಿರ ಬಂತೆಂದರೆ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಸೀದಿ ಪುಸ್ತಕ, ವೋಚರು, ಪಾಸ್‌ಬುಕ್ಕು, ನಡಾವಳಿ ಪುಸ್ತಕ ಎಲ್ಲ ಅಲ್ಲೇ. ಜಮಾ–ಖರ್ಚು ಹೊಂದಿಸಿ ಆಡಿಟರ್‌ಗೆ ಕಳಿಸಬೇಕು. ಸರ್ವ ಸದಸ್ಯರ ಸಭೆ ಆದ ಮೇಲೆ ಹೊಸ ಕಾರ್ಯಕಾರಿ ಸಮಿತಿಯ ಪಟ್ಟಿ, ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟು) ಹಿಡಿದು ಜಿಲ್ಲಾ ಕಚೇರಿಗೆ ಹೋಗಬೇಕು. ಇಷ್ಟು ವರ್ಷ ಇದನ್ನೇ ಮಾಡಿಕೊಂಡು ಬಂದಿದ್ದೇನೆ.

ಕೆಲವು ತಿಂಗಳ ಹಿಂದೆ ಡಿಗ್ರಿ ಓದುವ ಹುಡುಗಿಯೊಬ್ಬಳು ಪ್ರಾಜೆಕ್ಟ್ ಬರೆಯಬೇಕೆಂದು ನನ್ನ ಹತ್ತಿರ ಬಂದಳು. ಪೆನ್ನು ಹಿಡಿದು ಮೊದಲ ಪ್ರಶ್ನೆ ಕೇಳಿದಳು: "ಅಕ್ಕಾರ, ಲಾಭಕ್ಕಲ್ದ ನಡಿಯೂ ಸಂಘ–ಸಂಸ್ಥಾ ನಮ್ಮ ರಾಜ್ಯದಾಗ ಒಟ್ಟು ಎಷ್ಟು ಅದಾವ್ರಿ?" ನಾನು ಬಾಯಿ ತೆರೆದೆ, ಉತ್ತರ ಬರಲಿಲ್ಲ. ನಾಳೆ ಹುಡುಕಿ ಹೇಳ್ತೀನಿ ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ಅದಕ್ಕೇ ನಿಮಗೆ ಈ ಪತ್ರ.

ನಿಮ್ಮ ಸಹಕಾರ ಇಲಾಖೆಯನ್ನೇ ನೋಡಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಲ್ಲಿಂದ ಇಲ್ಲಿಯವರೆಗೆ ಬೆಳೆದ ಸಹಕಾರಿ ಸಂಘಗಳ ಲೆಕ್ಕ ಸರ್ಕಾರದ ಆರ್ಥಿಕ ಸಮೀಕ್ಷೆಯಲ್ಲಿ ಸಿಗುತ್ತದೆ. ಅದೇ ಇಲಾಖೆಯ ಜಿಲ್ಲಾ ಕಚೇರಿಯಲ್ಲೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನಮ್ಮಂಥ ಸಂಘಗಳೂ ನೋಂದಣಿ ಆಗುತ್ತವೆ. ಅದೇ ಕಟ್ಟಡ, ಅದೇ ಸಿಬ್ಬಂದಿ. ಹಾಲಿನ ಸಂಘ ಎಷ್ಟು ಎಂದರೆ ಉತ್ತರ ಇದೆ. ಮಹಿಳಾ ಮಂಡಳ ಎಷ್ಟು, ಯುವಕ ಮಂಡಳ ಎಷ್ಟು, ಅದರಲ್ಲಿ ಉಸಿರಾಡುತ್ತಿರುವುದು ಎಷ್ಟು ಎಂದರೆ ಜನರ ಕೈಗೆ ಸಿಗುವ ಉತ್ತರ ಇಲ್ಲ.

ದೇಶದ ಲೆಕ್ಕ ಒಮ್ಮೆ ಆಗಿದೆ. ವಿಶ್ವಸಂಸ್ಥೆ 2003ರಲ್ಲಿ ಲಾಭರಹಿತ ಸಂಸ್ಥೆಗಳನ್ನು ದೇಶದ ಆದಾಯದ ಲೆಕ್ಕದಲ್ಲಿ ಹೇಗೆ ಸೇರಿಸಬೇಕು ಎಂದು ಕೈಪಿಡಿ ತಂದಿತ್ತು. ಅದರ ದಾರಿ ಹಿಡಿದು ಕೇಂದ್ರದ ಸಾಂಖ್ಯಿಕ ಕಚೇರಿ ಎಣಿಕೆಗೆ ಇಳಿಯಿತು. 2008ರ ಹೊತ್ತಿಗೆ ದೇಶದಲ್ಲಿ ನೋಂದಣಿಯಾದ ಸಂಘಗಳು 31.7 ಲಕ್ಷ ಎಂದು ಗೊತ್ತಾಯಿತು. 1970ರವರೆಗೆ ನೋಂದಣಿ ಆಗಿದ್ದು ಬರೀ 1.44 ಲಕ್ಷ. ಉಳಿದದ್ದೆಲ್ಲ ಆಮೇಲಿನದು. ಎರಡನೇ ಹಂತದಲ್ಲಿ ಎಣಿಕೆಯವರು ವಿಳಾಸ ಹಿಡಿದು ಹುಡುಕಿಕೊಂಡು ಹೋದರು. ಸುಮಾರು 22 ಲಕ್ಷ ಸಂಘಗಳನ್ನು ಹುಡುಕಿದಾಗ ಸಿಕ್ಕಿದ್ದು 7 ಲಕ್ಷಕ್ಕೂ ಸ್ವಲ್ಪ ಕಮ್ಮಿ. ಮೂರರಲ್ಲಿ ಎರಡು ಭಾಗ ಸಿಗಲೇ ಇಲ್ಲ.

2015ರಲ್ಲಿ ಸುಪ್ರೀಂ ಕೋರ್ಟ್ ಕೇಳಿತೆಂದು ಸಿಬಿಐ ರಾಜ್ಯಗಳಿಂದ ಮತ್ತೆ ಲೆಕ್ಕ ತರಿಸಿತು. ಆಗಲೂ 31 ಲಕ್ಷದ ಸಂಖ್ಯೆ ಬಂತು. ಅವುಗಳಲ್ಲಿ ಲೆಕ್ಕಪತ್ರ ಸಲ್ಲಿಸಿದ್ದು ಹತ್ತರಲ್ಲಿ ಒಂದು ಭಾಗಕ್ಕೂ ಕಮ್ಮಿ. ಆ ಹೊತ್ತಿಗೆ ಮೂರು ರಾಜ್ಯಗಳ ಮಾಹಿತಿ ಇನ್ನೂ ಬಂದಿರಲಿಲ್ಲ. ಒಡಿಶಾ, ಹೊಸದಾಗಿ ಹುಟ್ಟಿದ ತೆಲಂಗಾಣ, ಮತ್ತು ನಮ್ಮ ಕರ್ನಾಟಕ. ಆ ಸುದ್ದಿ ಓದಿದಾಗ ನನಗೆ ಬೇಜಾರಾಗಿತ್ತು. ಇವತ್ತಿಗೂ ಆ ಬೇಜಾರು ಹೋಗಿಲ್ಲ. ಯಾಕೆಂದರೆ 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೇ ದಾರಿ ತೋರಿಸಿದ್ದು ಇದೇ ರಾಜ್ಯ.

ಹುಡುಕಿದರೆ ಸಿಗಲಿಲ್ಲ ಅಂದರೆ ಸಂಘ ಸತ್ತಿದೆ ಅಂತಲೂ ಅಲ್ಲ. ಇದು ನಮ್ಮಂಥವರಿಗೆ ಗೊತ್ತಿರುವ ಸಂಗತಿ, ನಿಮಗೂ ತಿಳಿಯಲಿ ಎಂದು ಬಿಡಿಸಿ ಹೇಳುತ್ತೇನೆ. ಸಣ್ಣ ಸಂಘಕ್ಕೆ ಸ್ವಂತ ಕಚೇರಿ ಇರುವುದಿಲ್ಲ. ನೋಂದಣಿ ಮಾಡಿಸುವಾಗ ಆಗಿನ ಅಧ್ಯಕ್ಷರದೋ ಕಾರ್ಯದರ್ಶಿಯದೋ ಮನೆ ವಿಳಾಸ ಕೊಡುತ್ತಾರೆ. ನಮ್ಮ ಮಂಡಳದ ದಾಖಲೆಯಲ್ಲಿ ಇರುವುದು ಮೊದಲ ಅಧ್ಯಕ್ಷೆಯ ಮನೆ. ಅವರು ತೀರಿಕೊಂಡರು. ಮಕ್ಕಳು ದುಡಿಯಲು ಪುಣೆಗೆ ಹೋದರು. ಮಣ್ಣಿನ ಮನೆ, ಮಾಳಿಗೆ ಕುಸಿದು ಈಗ ಅಲ್ಲಿ ಜಾಲಿ ಬೆಳೆದಿದೆ. ಎಣಿಕೆಯವರು ಬಂದರೆ ಜಾಲಿ ಗಿಡ ನೋಡಿ "ಸಂಸ್ಥೆ ಪತ್ತೆಯಾಗಿಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ. ನಾವು ಅದೇ ಓಣಿಯ ಹಿಂದೆ, ಸಮುದಾಯ ಭವನದಲ್ಲಿ ತಿಂಗಳಿಗೊಮ್ಮೆ ಸಭೆ ಸೇರುತ್ತೇವೆ. ನೋಂದಣಿ ಪ್ರಮಾಣಪತ್ರ ಒಂದು ಕಬ್ಬಿಣದ ಟ್ರಂಕಿನಲ್ಲಿದೆ. ಅದರ ಜೊತೆ ಹಳೇ ನಡಾವಳಿ ಪುಸ್ತಕಗಳಿವೆ. ಮೊದಲ ಪುಸ್ತಕದ ಪುಟಗಳಲ್ಲಿ ಸಹಿಗಿಂತ ಹೆಬ್ಬೆಟ್ಟು ಜಾಸ್ತಿ. ನಡುವಿನ ಪುಸ್ತಕದಲ್ಲಿ ಅದೇ ಹೆಂಗಸರ ಹೆಸರು, ಹೆಬ್ಬೆಟ್ಟಿನ ಜಾಗದಲ್ಲಿ ಓರೆಕೋರೆ ಅಕ್ಷರ. ರಾತ್ರಿ ಶಾಲೆ ನಡೆಸಿದ ವರ್ಷಗಳು ಅವು. ಈ ಬದಲಾವಣೆ ಯಾವ ಅಢಾವೆ ಪತ್ರಿಕೆಯಲ್ಲೂ ಕಾಣುವುದಿಲ್ಲ.

ಇನ್ನು ಸತ್ತ ಸಂಘಗಳೂ ಉಂಟು. ಶಾಲೆಗೆ ಕೋಣೆ ಕಟ್ಟಿಸಲೆಂದು ಊರವರು ಸಂಘ ಮಾಡಿದರು, ಕೋಣೆ ಆಯಿತು, ಸಂಘ ಮುಗಿಯಿತು. ಕೆಲಸ ಮುಗಿಸಿ ಹೋದ ಸಂಘ ಅದು, ಗೌರವದಿಂದ ಹೋದದ್ದು. ಆದರೆ ಅದನ್ನು ವಿಸರ್ಜಿಸುವ ಕಾಗದ ಯಾರೂ ಹಾಕಲಿಲ್ಲ. ಹೀಗಾಗಿ ದಾಖಲೆಯಲ್ಲಿ ಅದು ಇನ್ನೂ ಇದೆ. ಬದುಕಿದ್ದು ಕಾಣುವುದಿಲ್ಲ, ಹೋದದ್ದು ಹೋಗುವುದಿಲ್ಲ. ಇಂಥ ಪಟ್ಟಿ ಇಟ್ಟುಕೊಂಡು ಯಾರಾದರೂ ಏನು ಯೋಜನೆ ಮಾಡಬಲ್ಲರು?

ಎಷ್ಟು ಎನ್ನುವುದು ಒಂದು ಪ್ರಶ್ನೆ. ಎಂಥೆಂಥವು ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಎನ್‌ಜಿಓ ಎಂದ ಕೂಡಲೇ ಬಹಳ ಜನರ ಕಣ್ಣ ಮುಂದೆ ಬೆಂಗಳೂರಿನ ಒಂದು ಗಾಜಿನ ಆಫೀಸು, ಜೀಪು, ಇಂಗ್ಲಿಷ್ ವರದಿ ಬರುತ್ತದೆ. ಅಂಥವೂ ಇವೆ, ಒಳ್ಳೆಯ ಕೆಲಸ ಮಾಡುತ್ತಿವೆ. ಆದರೆ ನಮ್ಮೂರ ಬಸ್ ಸ್ಟ್ಯಾಂಡಿನಿಂದ ಕೆರೆ ದಂಡೆಯವರೆಗೆ ನನ್ನ ಜೊತೆ ಒಮ್ಮೆ ನಡೆದು ಬನ್ನಿ. ಇಳಿದ ಕೂಡಲೇ ಆಟೋ ಚಾಲಕರ ಸಂಘದ ಬೋರ್ಡು. ಇಂಥವು ಕೆಲವು ಕಾರ್ಮಿಕ ಸಂಘದ ಕಾಯ್ದೆಯಡಿ ಇವೆ, ಕೆಲವು ಸೊಸೈಟಿ ಕಾಯ್ದೆಯಡಿ, ಅಂದರೆ ಮೊದಲೇ ಹೇಳಿದ 1960ರ ಕಾಯ್ದೆಯಡಿ ಇವೆ, ನಾನು ಎರಡೂ ನೋಡಿದ್ದೇನೆ. ಎದುರಿಗೆ ನಿವೃತ್ತ ನೌಕರರ ಸಂಘ. ಬೆಳಗ್ಗೆ ಪೇಪರು, ಸಂಜೆ ಕೇರಂ, ಯಾರಿಗಾದರೂ ಪಿಂಚಣಿ ನಿಂತರೆ ಅರ್ಜಿ ಬರೆದುಕೊಡುವುದು. ಸ್ವಲ್ಪ ಮುಂದೆ ನೇಕಾರ ಸಮಾಜದ ವಿದ್ಯಾರ್ಥಿ ನಿಲಯ. ಅದರ ಪಕ್ಕದ ಸಂದಿಯಲ್ಲಿ ಗರಡಿ ಮನೆ. ಅಲ್ಲಿನ ಕುಸ್ತಿ ಸಂಘದ ಆಸ್ತಿ ಅಂದರೆ ಕೆಂಪು ಮಣ್ಣು, ಎರಡು ಜೋಡಿ ಗದೆ, ಒಂದು ಬ್ಯಾಂಕ್ ಪಾಸ್‌ಬುಕ್ಕು.

ಮಸೀದಿ ಓಣಿಯಲ್ಲಿ ಅಂಜುಮನ್‌ನವರ ಶಾಲೆ. ಚರ್ಚಿನ ಹತ್ತಿರ ಶ್ರವಣದೋಷವಿರುವ ಮಕ್ಕಳ ವಸತಿ ಶಾಲೆ. ಮಠದ ದಾಸೋಹ. ಭಜನಾ ಮಂಡಳಿ. ದೇವಸ್ಥಾನದ ಜೀರ್ಣೋದ್ಧಾರ ಸಮಿತಿ. ಅಂಬೇಡ್ಕರ್ ಯುವಕರ ಸಂಘದ ಒಂದು ಕೋಣೆಯ ಗ್ರಂಥಾಲಯ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ರಾತ್ರಿ ಹನ್ನೊಂದರವರೆಗೆ ಅಲ್ಲೇ ಇರುತ್ತಾರೆ.

ಕೆರೆ ದಂಡೆಗೆ ಗಜಾನನ ಉತ್ಸವ ಸಮಿತಿಯ ಶೆಡ್ಡು. ಹನ್ನೊಂದು ದಿನದ ಸಂಭ್ರಮಕ್ಕೆ ಪಟ್ಟಿ (ಚಂದಾ) ಎತ್ತುವ ಹುಡುಗರು ಎಂದು ನಾನೂ ಅಂದುಕೊಂಡಿದ್ದೆ. ಒಂದು ವರ್ಷ ಉಳಿದ ಹಣದಲ್ಲಿ ಅವರು ಶವ ಇಡುವ ಫ್ರೀಜರ್ ಪೆಟ್ಟಿಗೆ ಕೊಂಡರು. ದೂರದ ಊರಿಂದ ಮಗ ಬರುವವರೆಗೆ ಹೆಣ ಕಾಯಬೇಕಾದ ಮನೆಗೆ ಅದನ್ನು ಕೊಡುತ್ತಾರೆ. ಬಾಡಿಗೆ ಇಲ್ಲ, ಗಾಡಿ ಖರ್ಚು ಮಾತ್ರ. ಜಾತಿ ಕೇಳುವುದಿಲ್ಲ. ಪೆಟ್ಟಿಗೆ ಯಾವ ಮನೆಯಲ್ಲಿದೆ ಎಂದು ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಈ ಸಮಿತಿ ಎಲ್ಲೂ ನೋಂದಣಿ ಆಗಿಲ್ಲ. ದೆಹಲಿಯ ಪ್ರಿಯಾ ಸಂಸ್ಥೆ 2002ರಲ್ಲಿ ಮಾಡಿದ ಅಧ್ಯಯನದಲ್ಲಿ ದೇಶದ ಲಾಭರಹಿತ ಸಂಘಟನೆಗಳಲ್ಲಿ ಹೆಚ್ಚೂಕಮ್ಮಿ ಅರ್ಧದಷ್ಟು ನೋಂದಣಿಯೇ ಆಗಿಲ್ಲ ಎಂದು ಕಂಡಿತ್ತು. ಮುಕ್ಕಾಲು ಭಾಗದಷ್ಟಕ್ಕೆ ಸಂಬಳದ ನೌಕರರು ಒಬ್ಬರು, ಇಲ್ಲವೇ ಒಬ್ಬರೂ ಇಲ್ಲ. ನಮ್ಮೂರ ರಸ್ತೆಯಲ್ಲಿ ನಡೆದರೆ ಆ ಮಾತು ನಂಬಲು ಕಷ್ಟವಿಲ್ಲ.

ಇದೆಲ್ಲ ಇವತ್ತು ನಿನ್ನೆಯದೂ ಅಲ್ಲ. ಕರ್ನಾಟಕ ಎಂಬ ರಾಜ್ಯ ಆಗುವ ಮೊದಲೇ ಸಂಘಗಳಿದ್ದವು. ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು 1890ರಲ್ಲಿ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳ ಶಾಲೆಗಾಗಿ ಸಮಾಜದ ಬಹಿಷ್ಕಾರ ಅನುಭವಿಸಿ ಸಂಸ್ಥೆ ಕಟ್ಟಿದ್ದು 1897ರಲ್ಲಿ. ಬೆಂಗಳೂರಿನ ಒಕ್ಕಲಿಗರ ಸಂಘ 1906ರದು. ಕನ್ನಡ ಸಾಹಿತ್ಯ ಪರಿಷತ್ತು 1915ರದು. ಬೆಳಗಾವಿಯಲ್ಲಿ ಏಳು ಜನ ಮೇಷ್ಟ್ರು ಸೇರಿ ಕೆಎಲ್‌ಇ ಸೊಸೈಟಿ ಶುರು ಮಾಡಿದ್ದು 1916ರಲ್ಲಿ, ಭಟ್ಕಳದ ಅಂಜುಮನ್ 1919ರಲ್ಲಿ. ಹಳ್ಳಿಯ ಬಡ ಹುಡುಗನಿಗೆ ಊಟ, ವಸತಿ ಕೊಟ್ಟು ಓದಿಸಿದ ಉಚಿತ ಬೋರ್ಡಿಂಗುಗಳು ಎಷ್ಟು ಮನೆತನಗಳ ದಿಕ್ಕು ಬದಲಿಸಿದವು! ನಮ್ಮ ತಂದೆ ಓದಿದ್ದು ಅಂಥದೇ ಒಂದು ಬೋರ್ಡಿಂಗಿನಲ್ಲಿ. ಅಲ್ಲಿ ಕೊಡುತ್ತಿದ್ದ ಜೋಳದ ನುಚ್ಚಿನ ಮಾತು ಬಂದರೆ ಅವರ ಧ್ವನಿ ಬದಲಾಗುತ್ತಿತ್ತು.

ಆಮೇಲಿನವೂ ಒಂದೊಂದು ಒಂದೊಂದು ಬಗೆ. ಹುಬ್ಬಳ್ಳಿ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಖಾದಿ ಸಂಘ 1957ರದು. ಅಂಗವಿಕಲರಿಗಾಗಿ ಬೆಂಗಳೂರಿನ ಎಪಿಡಿ 1959ರದು. ಹೆಗ್ಗೋಡಿನ ನೀನಾಸಂ ಒಂದು ಹಳ್ಳಿಯ ನಾಟಕ ಸಂಘ, 1949ರಲ್ಲಿ ಹುಟ್ಟಿದ್ದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಡಾ. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಬಳ್ಳಾರಿಯ ಗಣಿ ಅಕ್ರಮವನ್ನು 2009ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿತು. ಮೈರಾಡ 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು ಬಂದ ಸಂಸ್ಥೆ. 1980ರ ದಶಕದಲ್ಲಿ ಅದು ಹಳ್ಳಿಯ ಜನರ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಿತು. 2000ದ ಹೊತ್ತಿಗೆ ನಮ್ಮ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಇವತ್ತು ಸ್ವಸಹಾಯ ಗುಂಪು ಇಲ್ಲದ ಹಳ್ಳಿ ಹುಡುಕುವುದು ಕಷ್ಟ. ಸರ್ಕಾರ ಮಾಡುವ ಎಷ್ಟೋ ಕೆಲಸದ ಬೀಜ ಮೊದಲು ಇಂಥ ಸಂಸ್ಥೆಗಳ ಅಂಗಳದಲ್ಲೇ ಮೊಳೆತದ್ದು, ಅಲ್ವಾ?

ಸರ್ಕಾರವೂ ಸೊಸೈಟಿ ಕಟ್ಟುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳನ್ನು ನಡೆಸುವ ಕ್ರೈಸ್ ಒಂದು ನೋಂದಾಯಿತ ಸಂಘ. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ನಿರ್ಮಿತಿ ಕೇಂದ್ರಗಳೂ ಹಾಗೆಯೇ. ಅಪಾರ್ಟ್‌ಮೆಂಟ್ ನಿವಾಸಿಗಳ ಎಷ್ಟೋ ಸಂಘಗಳೂ ಅದೇ ಕಾಯ್ದೆಯಡಿ ಇವೆ. ನಮ್ಮ ಕುಸ್ತಿ ಸಂಘ, ಕೋಟಿಗಟ್ಟಲೆ ಕಾಮಗಾರಿ ಮಾಡುವ ನಿರ್ಮಿತಿ ಕೇಂದ್ರ, ಲಿಫ್ಟ್ ರಿಪೇರಿಗೆ ದುಡ್ಡು ಕೂಡಿಸುವ ಅಪಾರ್ಟ್‌ಮೆಂಟ್ ಸಂಘ, ಮೂರೂ ಒಂದೇ ಪಟ್ಟಿಯಲ್ಲಿ. ಹೀಗಿರುವಾಗ ಸುಮ್ನೆ ಒಂದು ದೊಡ್ಡ ಸಂಖ್ಯೆ ಹೇಳಿದರೂ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಇನ್ನು ಎಲ್ಲವೂ ಒಂದೇ ಪಟ್ಟಿಯಲ್ಲಿವೆಯೇ ಎಂದರೆ ಅದೂ ಇಲ್ಲ. ಹಿಂದೆ ಹಳೇ ಮೈಸೂರಿಗೆ 1904ರ ಕಾಯ್ದೆ, ಮುಂಬೈ, ಮದ್ರಾಸು ಭಾಗಕ್ಕೆ 1860ರ ಕಾಯ್ದೆ, ಹೈದರಾಬಾದು ಭಾಗಕ್ಕೆ ನಿಜಾಮರ ಕಾಯ್ದೆ ಇತ್ತು. 1960ರ ಕಾಯ್ದೆ ಇವನ್ನೆಲ್ಲ ಒಂದು ಮಾಡಿತು. ಒಳ್ಳೆಯದಾಯಿತು. ಆದರೆ ಟ್ರಸ್ಟ್‌ಗಳು ಅದರ ಹೊರಗೇ ಉಳಿದವು. ಟ್ರಸ್ಟ್ ಪತ್ರ ನೋಂದಣಿ ಆಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಸೈಟು, ಹೊಲದ ಖರೀದಿ ಪತ್ರಗಳ ಜೊತೆ. ಮಹಾರಾಷ್ಟ್ರ, ಗುಜರಾತಿನಲ್ಲಿ ಇದಕ್ಕೆ ಚಾರಿಟಿ ಕಮಿಷನರ್ ಇದ್ದಾರೆ. ನಮ್ಮ ಬೆಳಗಾವಿ, ಧಾರವಾಡ ಕಡೆಗೂ ಮುಂಬೈಯ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಬಹಳ ವರ್ಷ ಇತ್ತು, ಆಮೇಲೆ ಹೋಯಿತು. ಲಾಭರಹಿತ ಕಂಪನಿ ಮಾಡಿದರೆ ಅದು ಕೇಂದ್ರದ ಕಂಪನಿ ಇಲಾಖೆಗೆ. ದೇವಸ್ಥಾನ ಮುಜರಾಯಿಗೆ, ದರ್ಗಾ ವಕ್ಫ್ ಮಂಡಳಿಗೆ. ಸೊಸೈಟಿ ಮಾಡಲು ಕಮ್ಮಿಯೆಂದರೂ ಏಳು ಜನ ಬೇಕು, ವರ್ಷವರ್ಷ ಲೆಕ್ಕ ಕೊಡಬೇಕು. ಟ್ರಸ್ಟ್ ಮಾಡಲು ಇಷ್ಟೆಲ್ಲ ಬೇಕಿಲ್ಲ. ಅದಕ್ಕೇ ಈಗ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು "ಟ್ರಸ್ಟ್ ಮಾಡಿಕೊಡ್ರಿ" ಎನ್ನುತ್ತಾರೆ. ಊರ ಜನ ಕೂಡಿ ಸಂಘ ಮಾಡುತ್ತಿದ್ದ ಕಡೆ ಗಂಡ–ಹೆಂಡತಿಯ ಟ್ರಸ್ಟ್ ಬರುತ್ತಿದೆ. ಇದು ಸಣ್ಣ ಬದಲಾವಣೆ ಅಲ್ಲ. ಎಷ್ಟರ ಮಟ್ಟಿಗೆ ಆಗುತ್ತಿದೆ ಎಂದು ತಿಳಿಯಬೇಕಾದರೆ ಎರಡು ಇಲಾಖೆಯ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಬೇಕು. ಈವರೆಗೆ ಅದನ್ನು ಮಾಡಿದವರನ್ನು ನಾನು ಕಂಡಿಲ್ಲ.

ಒಂದು ನೋವಿನ ಸಂಗತಿ ಹೇಳುತ್ತೇನೆ. ಕಲ್ಲಿನ ಕ್ವಾರಿಯಲ್ಲಿ ದುಡಿಯುವವರ ಮಕ್ಕಳಿಗೆ ಒಂದು ಸಂಘ ಬಾಲವಾಡಿ ನಡೆಸುತ್ತಿತ್ತು. ಅನುದಾನದ ಕಂತು ಬರಬೇಕಾದರೆ ಆ ವರ್ಷದ ಲೆಕ್ಕ ಸಲ್ಲಿಸಿದ್ದಕ್ಕೆ ಹಿಂಬರಹ ಬೇಕು. ನಾವು ಸಲ್ಲಿಸಿದ್ದೆವು, ಸ್ವೀಕೃತಿಯೂ ಇತ್ತು. ಮೂಲ ಫೈಲು ಸಿಗಲಿಲ್ಲ. ನಾನು ಆ ಕಚೇರಿಯ ದಾಖಲೆ ಕೋಣೆಯಲ್ಲಿ ಮೂರು ತಾಸು ನಿಂತೆ. ನೆಲದಿಂದ ತೊಲೆಯವರೆಗೆ ಕೆಂಪು ಬಟ್ಟೆಯ ಗಂಟುಗಳು. ಗಂಟಿಗೆ ಸಿಕ್ಕಿಸಿದ ರಟ್ಟಿನ ಮೇಲಿನ ಶಾಯಿ ಮಾಸಿದೆ. ಗುಮಾಸ್ತರು ಒಳ್ಳೆಯವರು, ಏಣಿ ಹತ್ತಿ ಧೂಳು ಕುಡಿದು ಹುಡುಕಿದರು. "ಅಕ್ಕಾರ, ಇಡೀ ಜಿಲ್ಲಾಕ್ಕ ನಾ ಒಬ್ಬಾಂವ. ನಂಬರ್ ಇದ್ರ ಸಾಲದು, ಇಸವಿ ಬೇಕು, ಇಸವಿ ಇದ್ರ ಗಂಟು ಬೇಕು" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಫೈಲು ಸಿಗುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಅಷ್ಟೂ ದಿನ ಬಾಲವಾಡಿ ಮುಚ್ಚಿತ್ತು. ತಾಯಂದಿರು ಮತ್ತೆ ಕೂಸುಗಳನ್ನು ಕ್ವಾರಿಗೆ ಕರೆದುಕೊಂಡು ಹೋದರು. ಜಲ್ಲಿ ರಾಶಿಯ ಪಕ್ಕ, ಸೀರೆ ಕಟ್ಟಿದ ನೆರಳಿನಲ್ಲಿ ಮಲಗಿಸಿದ್ದನ್ನು ನಾನೇ ನೋಡಿದ್ದೇನೆ.

ದೊಡ್ಡ ಸಂಸ್ಥೆಗೂ ಸಣ್ಣ ಸಂಘಕ್ಕೂ ಒಂದೇ ಅಳತೆಗೋಲು ಇಡುವುದು ಇನ್ನೊಂದು ತೊಂದರೆ. ಬೆಂಗಳೂರಿನಲ್ಲಿ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿದ ಅಕ್ಷಯ ಪಾತ್ರ ಇವತ್ತು ಹಲವು ರಾಜ್ಯಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಉಣಿಸುತ್ತದೆ. ಅಂಥ ಸಂಸ್ಥೆಗೆ ಲೆಕ್ಕ ವಿಭಾಗವೇ ಇರುತ್ತದೆ. ನಮ್ಮ ಗ್ರಂಥಾಲಯದ ವರ್ಷದ ಖರ್ಚಿಗಿಂತ ಆಡಿಟ್ ಫೀ ಜಾಸ್ತಿ. 2021ರಲ್ಲಿ ಆದಾಯ ತೆರಿಗೆಯ 12ಎ, 80ಜಿ ನೋಂದಣಿಯನ್ನು (ಸಂಸ್ಥೆಗೂ ಅದಕ್ಕೆ ದೇಣಿಗೆ ಕೊಡುವವರಿಗೂ ತೆರಿಗೆ ರಿಯಾಯಿತಿ ಸಿಗುವ ನೋಂದಣಿ) ಎಲ್ಲರೂ ಹೊಸದಾಗಿ ಮಾಡಿಸಬೇಕಾಯಿತು. ಅದೇ ವರ್ಷ ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣ ಪಡೆಯಲು ಬೇರೆ ಫಾರಂ ಬಂತು. ಅದಕ್ಕೂ ಮೊದಲು, 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ಬಿಗಿಯಾಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ ಎಂದಾಯಿತು. ದೊಡ್ಡ ಸಂಸ್ಥೆಗಳ ಮೂಲಕ ಹಳ್ಳಿಯ ಸಣ್ಣವಕ್ಕೆ ಬರುತ್ತಿದ್ದ ನೀರು ಅಲ್ಲಿಗೆ ನಿಂತಿತು. ಇವೆಲ್ಲ ಕೇಂದ್ರದ ಕಾನೂನು, ನಿಮ್ಮ ಕೈಯಲ್ಲಿಲ್ಲ, ನನಗೆ ಗೊತ್ತು. ಆದರೆ ಇದರಿಂದ ನಮ್ಮ ರಾಜ್ಯದಲ್ಲಿ ಎಷ್ಟು ಸಂಘ ಬಾಗಿಲು ಹಾಕಿದವು, ಎಷ್ಟು ಜನ ಗೌರವಧನ ಕಳೆದುಕೊಂಡರು ಎಂದು ಕೇಂದ್ರಕ್ಕೆ ಪತ್ರ ಬರೆಯಬೇಕಾದರೂ ನಿಮ್ಮ ಹತ್ತಿರ ಅಂಕಿಅಂಶ ಬೇಕಲ್ಲ?

ಮೋಸದ ಸಂಘಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ಲೆಟರ್‌ಹೆಡ್ಡು, ಸೀಲು ಎರಡೇ ಆಸ್ತಿಯಾಗಿರುವ ಸಂಘಗಳನ್ನು ನಾನು ಬಲ್ಲೆ. ಮಕ್ಕಳೇ ಇಲ್ಲದ ವಸತಿ ನಿಲಯದ ಹಾಜರಿ ಪುಸ್ತಕ ಬರೆದುಕೊಡಲು ನನ್ನನ್ನೂ ಕೇಳಿದ್ದರು. ಬರೆದುಕೊಡಲಿಲ್ಲ. ಅಂಥವರಿಂದ ಹೆಚ್ಚು ಪೆಟ್ಟು ಬೀಳುವುದು ನಮಗೇ. ಪಟ್ಟಿ ಎತ್ತಲು ಹೋದಾಗ ಅಂಗಡಿಯವರು ನಮ್ಮನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಎಲ್ಲರೂ ನೋಡುವಂಥ ಒಂದು ಪಟ್ಟಿ ಇದ್ದರೆ ಊರಿನ ಜನರೇ ಹೇಳುತ್ತಾರೆ, ಈ ಹಾಸ್ಟೆಲ್ ನಮ್ಮೂರಲ್ಲಿ ಇಲ್ಲವೇ ಇಲ್ಲ ಎಂದು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಎಣಿಕೆ ಎಂದರೆ ನಮ್ಮವರಿಗೆ ಹೆದರಿಕೆ. ಎಣಿಸಲು ಬಂದವರು ತನಿಖೆಗೆ ಬಂದವರಂತೆ ಮಾತಾಡುತ್ತಾರೆ. ಸರ್ಕಾರವನ್ನು ಪ್ರಶ್ನೆ ಮಾಡುವ ಸಂಘಗಳಿಗೆ ಈ ಹೆದರಿಕೆ ಇನ್ನೂ ಜಾಸ್ತಿ. ಅದಕ್ಕೇ ಈ ಕೆಲಸ ಪೊಲೀಸರ ಕೈಗೂ ಬೇಡ, ನೋಟಿಸು ಕೊಡುವ ಅಧಿಕಾರ ಇರುವವರ ಕೈಗೂ ಬೇಡ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಮಾಡಲಿ. ಅವರಿಗೆ ಎಣಿಸುವುದು ಗೊತ್ತು. ಈ ರಾಜ್ಯದಲ್ಲಿ ಕುರಿ, ಎಮ್ಮೆ, ಕೋಳಿ ಎಷ್ಟು ಎಂಬುದಕ್ಕೂ ಗಣತಿ ಇದೆ, 2019ರಲ್ಲೂ ಆಗಿದೆ. ಅದು ಆಗಬೇಕಾದದ್ದೇ, ರೈತರಿಗೆ ಅದರಿಂದ ಉಪಯೋಗವಿದೆ. ಅಷ್ಟೇ ಶ್ರದ್ಧೆಯಿಂದ ನಮ್ಮನ್ನೂ ಎಣಿಸಿ ಎನ್ನುವುದು ನನ್ನ ಕೋರಿಕೆ.

ಎಣಿಸಿದರೆ ಏನು ಬಂತು? 2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಉಕ್ಕಿದ್ದವು. ನಾಡಿನ ಎಲ್ಲ ಕಡೆಯಿಂದ ಲಾರಿಗಳಲ್ಲಿ ರೊಟ್ಟಿ, ಚಾದರ, ಬಿಸ್ಕಿಟ್ಟು ಬಂದವು. ಕೊಟ್ಟವರ ಕೈ ದೊಡ್ಡದು. ಆದರೆ ಲಾರಿಗಳು ಡಾಂಬರು ರಸ್ತೆ ಬದಿಯ ಊರುಗಳಲ್ಲೇ ಖಾಲಿಯಾದವು. ನಾನು ಹೋಗಿದ್ದ ಒಂದು ಊರಿನ ಶಾಲೆ ಜಗಲಿಯಲ್ಲಿ ಚಾದರದ ರಾಶಿ ಮಳೆಗೆ ನೆನೆಯುತ್ತಿತ್ತು. ಅಲ್ಲಿಂದ ಒಳಗಿನ ಇನ್ನೊಂದು ಊರಲ್ಲಿ ಬಾಣಂತಿ ಗೋಣಿಚೀಲ ಹೊದ್ದು ಕುಳಿತಿದ್ದಳು. ಕೊನೆಗೆ ಯಾರದೋ ಫೋನಿನಿಂದ ಅಲ್ಲಿನ ಯುವಕ ಮಂಡಳದ ಹುಡುಗರು ಸಿಕ್ಕರು, ಟ್ರ್ಯಾಕ್ಟರ್ ತಂದರು, ಅರ್ಧ ದಿನದಲ್ಲಿ ಎಲ್ಲ ಸಾಗಿತು. ಆ ಮಂಡಳ ಅಲ್ಲಿದೆ, ಅದಕ್ಕೆ ಟ್ರ್ಯಾಕ್ಟರ್ ಇರುವ ಸದಸ್ಯರಿದ್ದಾರೆ ಎನ್ನುವುದು ಒಂದು ಕಾಗದದ ಮೇಲೆ ಇದ್ದಿದ್ದರೆ ಮೊದಲ ದಿನವೇ ಆಗುತ್ತಿತ್ತು.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ತಮ್ಮ ಊರಲ್ಲಿ ಯಾವ ಸಂಘ ನಡೆಯುತ್ತಿದೆ, ಯಾವುದು ನಿಂತಿದೆ ಎಂದು ಪಿಡಿಒ ಮತ್ತು ಸದಸ್ಯರಿಗೆ ಗೊತ್ತೇ ಇರುತ್ತದೆ. ನೋಂದಣಿ ಆದದ್ದು, ಆಗದ್ದು, ಟ್ರಸ್ಟು, ಸಂಘ ಎಲ್ಲವನ್ನೂ ಒಮ್ಮೆ ಬರೆಯಿಸಿ. ಏನು ಕೆಲಸ ಮಾಡುತ್ತವೆ, ಎಷ್ಟು ಜನ ಸಂಬಳಕ್ಕೆ, ಎಷ್ಟು ಜನ ಸುಮ್ನೆ ಬಂದು ದುಡಿಯುತ್ತಾರೆ ಎಂದು ಕೇಳಿ. ಪಟ್ಟಿಯನ್ನು ಕನ್ನಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹಾಕಿ. ವರ್ಷಕ್ಕೊಮ್ಮೆ ಆರ್ಥಿಕ ಸಮೀಕ್ಷೆಯಲ್ಲಿ ಸಹಕಾರಿ ಸಂಘಗಳ ಪಕ್ಕದಲ್ಲೇ ಒಂದು ಪುಟ ಕೊಡಿ, ಜಿಲ್ಲಾವಾರು. ಸಣ್ಣ ಸಂಘ ತನ್ನ ವಾರ್ಷಿಕ ಲೆಕ್ಕವನ್ನು ಗ್ರಾಮ ಒನ್ ಕೇಂದ್ರದಲ್ಲೇ ಒಂದು ಹಾಳೆಯಲ್ಲಿ ಕೊಡುವಂತಾಗಲಿ. ವಿಳಾಸ ಬದಲಿಸುವುದೂ ಅಲ್ಲೇ ಆಗಲಿ. ಕೆಲಸ ಮುಗಿಸಿದ ಸಂಘಕ್ಕೆ ದಂಡ ಹಾಕದೆ, ಸುಲಭವಾಗಿ ಮುಚ್ಚಲು ದಾರಿ ಮಾಡಿಕೊಡಿ.

ನಾವು ನಮ್ಮ ಪಾಲಿನದನ್ನು ಶುರು ಮಾಡಿದ್ದೇವೆ. ಪ್ರಶ್ನೆ ಕೇಳಿದ ಆ ಹುಡುಗಿ, ನಾನು, ನಮ್ಮ ಮಂಡಳದ ಇನ್ನಿಬ್ಬರು ಭಾನುವಾರಗಳಂದು ಊರೂರು ಸುತ್ತುತ್ತಿದ್ದೇವೆ. ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಸಂಘದ ಹೆಸರು, ಊರು, ಮಾಡುವ ಕೆಲಸ, ಕೊನೆಯ ಸಭೆಯ ತಾರೀಖು, ಈಗಿನ ಕಾರ್ಯದರ್ಶಿ ಯಾರು. ಗಜಾನನ ಸಮಿತಿಯನ್ನೂ ಬರೆದಿದ್ದೇವೆ, ಅದರ ಪೆಟ್ಟಿಗೆಯನ್ನೂ. ಮಳೆಗಾಲ ಮುಗಿಯುವುದರೊಳಗೆ ನಮ್ಮ ತಾಲೂಕು ಮುಗಿಯುತ್ತದೆ. ಈ ನೋಟ್‌ಬುಕ್ಕನ್ನು ಯಾವ ಕಚೇರಿಗೆ, ಯಾರ ಮೇಜಿಗೆ ತಂದುಕೊಡಬೇಕು ಎಂದು ದಯವಿಟ್ಟು ತಿಳಿಸಿ. ಬಸ್ಸಿನ ಖರ್ಚು ನಮ್ಮದೇ.

ಇಂತಿ ತಮ್ಮ ವಿಶ್ವಾಸಿ,
ಒಂದು ಮಹಿಳಾ ಮಂಡಳದ ಕಾರ್ಯದರ್ಶಿ